ಗಂಧ ಹಚ್ಚಿದ ರಿವಾಲ್ವರ್

ಆಯುಧಪೂಜೆಯ ದಿನ ಪೊಲೀಸರಿಗೆ ಫೋನ್ ಮಾಡಬಾರದು ಎಂದು ಯಾರಾದರೂ ಒಂದು ಕಾನೂನು ತರಬೇಕು. ಅಂಕೋಲೆಯಿಂದ ಕಾರವಾರಕ್ಕೆ ಹೋಗುವ ಹೆದ್ದಾರಿಯ ಪಕ್ಕದ ನಮ್ಮ ಪುಟ್ಟ ಉಪಠಾಣೆಯಲ್ಲಿ ಭಟ್ಟರು ಆಗಷ್ಟೇ ಮಂಗಳಾರತಿ ಮುಗಿಸಿದ್ದರು. ಜೀಪಿನ ಡ್ರೈವರ್ ಆದ ನಾನು, ಪುಟ್ಟು ಗೌಡ, ಚಕ್ರಗಳ ಅಡಿಗೆ ಲಿಂಬೆಹಣ್ಣು ಇಟ್ಟು ಬಂದು ಪಂಚಕಜ್ಜಾಯಕ್ಕೆ ಕೈ ಒಡ್ಡಿದ್ದೆ. ಅಷ್ಟರಲ್ಲಿ ಫೋನ್ ಬಡಕೊಂಡಿತು.

ಎತ್ತಿದವರು ನಮ್ಮ ಸಾಹೇಬರು, ಎಎಸ್‌ಐ ರಾಮಾ ನಾಯ್ಕರು. ಕೇಳುತ್ತ ಕೇಳುತ್ತ ಅವರ ಮುಖದ ಬಣ್ಣವೇ ಇಳಿಯಿತು. ಅವರ್ಸಾದಲ್ಲಿ ಶ್ರೀಕಾಂತ ಎಂಬವನು ತುಂಬಿದ ಕೋವಿ ಹಿಡಿದು, ಒಂಬತ್ತು ವರ್ಷದ ಮಗಳನ್ನು ಒಳಗೆ ಹಾಕಿಕೊಂಡು ಬಾಗಿಲು ಜಡಿದಿದ್ದಾನಂತೆ. ಅವನ ಕುಡಿತ ತಾಳಲಾರದೆ ಹೆಂಡತಿ ವೈಶಾಲಿ ಕೋಡಿಬಾಗದ ತವರಿಗೆ ಹೋಗಿದ್ದಳು. ಈವತ್ತು ಮಗಳನ್ನೂ ಕರೆದೊಯ್ಯುತ್ತೇನೆ ಎಂದು ಬಂದದ್ದೇ ತಡ, ಇಷ್ಟೆಲ್ಲ ಆಗಿದೆ. ಹಂದಿ ಓಡಿಸಲು ಲೈಸೆನ್ಸ್ ಕೊಟ್ಟ ಕೋವಿ ಅದು. ಯಾರ್ಯಾರ ಕೈಗೆ ಏನೇನು ಕೊಡುತ್ತಾರೋ, ದೇವರಿಗೇ ಗೊತ್ತು!

ನಮ್ಮಲ್ಲಿ ಇದ್ದ ಎರಡು ರೈಫಲ್ಲುಗಳು ಯಾರೋ ಮಂತ್ರಿಯ ಬಂದೋಬಸ್ತಿಗೆ ಕಾನ್‌ಸ್ಟೆಬಲ್‌ಗಳ ಜೊತೆ ಕಾರವಾರಕ್ಕೆ ಹೋಗಿದ್ದವು. ಉಳಿದದ್ದು ಸಾಹೇಬರ ರಿವಾಲ್ವರ್ ಒಂದೇ. ಅದೋ ಪೂಜೆಯ ಮೇಜಿನ ಮೇಲೆ ಬೇಡಿ, ಲಾಠಿಗಳ ನಡುವೆ ಮದುಮಗನ ಹಾಗೆ ಕೂತಿತ್ತು. ಭಟ್ಟರ ಕೈ ಧಾರಾಳ. ನಳಿಗೆಗೆ ಗಂಧ, ಗುಂಡು ತುಂಬುವ ಗಾಲಿಗೆ ಗಂಧ, ಗುಂಡಿಗೆ ಬಡಿಯುವ ಕುದುರೆಗೂ ಗಂಧ, ಅದರ ಮೇಲೆ ಕುಂಕುಮ. ಸಾಲದ್ದಕ್ಕೆ ಬಾಳೆನಾರಿನಲ್ಲಿ ಕಟ್ಟಿದ ಗೊಂಡೆಹೂವಿನ ಮಾಲೆಯನ್ನು ಎರಡು ಸುತ್ತು ಸುತ್ತಿದ್ದರು.

ಪೂಜೆಗೆ ಇಟ್ಟ ಆಯುಧವನ್ನು ಮರುದಿನ ಬೆಳಿಗ್ಗೆ ವಿಸರ್ಜನೆ ಆಗುವವರೆಗೆ ಮುಟ್ಟುವ ಪದ್ಧತಿ ನಮ್ಮ ಕಡೆ ಇಲ್ಲ. ಗದ್ದೆಯ ನೇಗಿಲಾಗಲಿ, ಟೈಲರನ ಕತ್ತರಿಯಾಗಲಿ, ಆ ಒಂದು ದಿನ ರಜೆ. ಸಾಹೇಬರು ಮೇಜಿನ ಮುಂದೆ ನಿಂತು ಎರಡೂ ಕೆನ್ನೆಗೆ ಬಡಿದುಕೊಂಡರು. ಮಾಲೆ ಎಳೆದು ಹರಿದು, ರಿವಾಲ್ವರ್ ಎತ್ತಿ, ಗುಂಡು ತುಂಬಿಸಿ ಜೀಪು ಹತ್ತಿದರು. ಬೇಡಿ, ಲಾಠಿ ಎತ್ತಿಕೊಂಡು ನಾನೂ ಹಿಂದೆಯೇ ಓಡಿದೆ.

"ಸಾಹೇಬ್ರೆ, ಒಂದ್ಸಲ ಬಟ್ಟೇಲಿ ಒರಸ್ಕಳ್ರಿ ಮಾರಾಯ್ರೆ," ಎಂದೆ.

"ಸುಮ್ನಿರು ಪುಟ್ಟು. ಇವತ್ತು ಗಂಧ ಒರೆಸೂದಲ್ಲ. ಮುಟ್ಟಿದ್ದೇ ತಪ್ಪು, ಮೇಲಿಂದ ಒರೆಸೂದು ಬೇರೆ?"

"ಗಂಧ ಒಣಗಿ ಗಟ್ಟಿ ಆಗ್ತದ್ರಾ."

"ದೇವರಿಗೆ ಹಚ್ಚಿದ್ದು ಯಾರಿಗೂ ಕೆಟ್ಟದ್ದು ಮಾಡೂದಿಲ್ಲ. ನೀ ಗಾಡಿ ಹೊಡಿ."

ಗಾಡಿ ಹೊಡೆಯಲು ರಸ್ತೆ ಬೇಕಲ್ಲ! ಆ ವರ್ಷಗಳಲ್ಲಿ ಹೆದ್ದಾರಿ ನಮ್ಮದಾಗಿರಲಿಲ್ಲ, ಅದಿರಿನ ಲಾರಿಗಳದಾಗಿತ್ತು. ಬಂದರಿಗೆ ಹೋಗುವ ಲಾರಿಗಳು ಒಂದರ ಬಾಲಕ್ಕೆ ಒಂದು ಮೂತಿ ಹಚ್ಚಿ ನಿಂತಿದ್ದವು. ನಾನು ಹಾರ್ನ್ ಒತ್ತಿ ಒತ್ತಿ, ಎಲ್ಲ ಡ್ರೈವರುಗಳ ಅಪ್ಪಂದಿರನ್ನೂ ನೆನೆದು, ರಸ್ತೆ ಬಿಟ್ಟು ಕೆಂಪು ಧೂಳಿನಲ್ಲಿ ಜೀಪು ನುಗ್ಗಿಸಿದೆ. ವೈರ್‌ಲೆಸ್‌ನಲ್ಲಿ ಸುದ್ದಿ ಬಂತು: ಕಾರವಾರದಿಂದ ಬಂದೂಕಿನ ತಂಡ ಹೊರಟಿದೆ, ಆದರೆ ಬಿಣಗಾ ಘಟ್ಟದಲ್ಲಿ ಲಾರಿಯೊಂದು ಅಡ್ಡ ಮಲಗಿದೆ, ತಡವಾಗುತ್ತದೆ.

ಸಾಹೇಬರು ಪಕ್ಕದಲ್ಲಿ ರಿವಾಲ್ವರಿನ ಗಾಲಿಯನ್ನು ಹೆಬ್ಬೆರಳಿನಿಂದ ತಿರುಗಿಸಲು ನೋಡುತ್ತಿದ್ದರು. ಅದು ಮರಳು ಹೊಕ್ಕ ಬೀಗದ ಹಾಗೆ ಕರ್ರ್ ಎಂದು ನಿಂತಿತು. ಮತ್ತೆ ಒತ್ತಿದರು. ಸ್ವಲ್ಪ ತಿರುಗಿತು.

"ತಿರುಗ್ತದೆ," ಎಂದರು, ನನ್ನನ್ನು ನೋಡದೆ.

ಆ ಕೋವಿಯ ಮುಂದೆ ನಿಂತಾಗ ಇದು ಹಾರದಿದ್ದರೆ? ರಾಮಾ ನಾಯ್ಕರು ಒಳ್ಳೆಯವರು, ಆದರೆ ವರ್ಷಕ್ಕೊಮ್ಮೆ ಅಭ್ಯಾಸದ ಮೈದಾನದಲ್ಲಿ ಹಲಗೆಗೆ ಹೊಡೆದದ್ದು ಬಿಟ್ಟರೆ ಅವರು ಯಾವ ಜೀವದ ಮೇಲೂ ಗುಂಡು ಹಾರಿಸಿದವರಲ್ಲ.

ಅವರ್ಸಾದ ಆ ಮನೆಯ ಮುಂದೆ ಊರಿಗೆ ಊರೇ ನೆರೆದಿತ್ತು. ವೈಶಾಲಿ ಅಂಗಳದ ತುಳಸಿಕಟ್ಟೆ ಹಿಡಿದು ನಿಂತಿದ್ದಳು. ಅತ್ತು ಅತ್ತು ಗಂಟಲು ಹೋಗಿತ್ತು.

"ಸಾಹೇಬ್ರೆ, ಸಿಂಚನಾ ಒಳಗೆ ಅದೆ. ಮೊದ್ಲು 'ಆಯಿ, ಆಯಿ' ಹೇಳಿ ನನ್ನೇ ಕೂಗ್ತಿತ್ತು. ಈಗ ಸದ್ದೇ ಇಲ್ಲ. ಯಾರಾದ್ರೂ ಒಳಗೆ ಕಾಲಿಟ್ರೆ ಸುಡ್ತೆ ಹೇಳಿದ್ರು ಅವ್ರು. ನನ್ನ ಕೂಸನ್ನ ತಂದ್ಕೊಡ್ರಿ."

"ತರ್ತೆ ತಂಗಿ," ಎಂದರು ಸಾಹೇಬರು. ಎಷ್ಟು ಸಲೀಸಾಗಿ ಹೇಳಿಬಿಟ್ಟರು! ಆಮೇಲೆ ಬಾಗಿಲ ಹತ್ತಿರ ಹೋಗಿ, "ಶ್ರೀಕಾಂತಾ, ನಾ ರಾಮಾ ನಾಯ್ಕ. ಕೋವಿ ಕೆಳಗಿಡು, ಹುಡುಗೀನ ಕಳ್ಸು, ಮುಂದಿಂದು ಕೂತು ಮಾತಾಡುವ," ಎಂದು ಕರೆದರು. ಮತ್ತೆ ಕರೆದರು. ಒಳಗೆ ಏನೋ ಉರುಳಿದ ಸದ್ದಾಯಿತು, ಅಷ್ಟೇ.

ಆ ಸದ್ದಿಗೆ ವೈಶಾಲಿ ಬಾಗಿಲಿಗೇ ನುಗ್ಗಿದಳು. ನಾಲ್ಕು ಹೆಂಗಸರು ಸೇರಿ ಹಿಡಿದರು. ಇನ್ನು ಕಾರವಾರದವರಿಗೆ ಕಾಯುವುದು ಸಾಧ್ಯವಿಲ್ಲ ಎಂದು ಸಾಹೇಬರಿಗೆ ಅನಿಸಿರಬೇಕು. ಹಿತ್ತಿಲ ಕಡೆ ಕೈ ತೋರಿಸಿದರು.

"ಸಾಹೇಬ್ರೆ, ಅದು ಹಾರೂದಿಲ್ರಾ," ಎಂದೆ ಪಿಸುಗುಟ್ಟಿ. "ನಾ ಹೇಳ್ತೆ ಕೇಳ್ರಿ."

"ಹಾರ್ತದೆ. ಬಾಯಿ ಮುಚ್ಕಂಡು ನನ್ನ ಹಿಂದೆ ಬಾ."

ಬಚ್ಚಲಮನೆಯ ಬಾಗಿಲ ಅಗಳಿ ಸಡಿಲವಿತ್ತು. ಒಳಗೆ ಹೊಗೆ ಹಿಡಿದ ಕತ್ತಲೆ. ಬಿಸಿಲಿನಿಂದ ಬಂದ ನಮ್ಮ ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ. ಅಡುಗೆಮನೆಯ ನೆಲದಲ್ಲಿ ಚೆಲ್ಲಿದ ಅನ್ನ ಕಾಲಿಗೆ ಅಂಟಿತು. ಸಾಹೇಬರು ಎರಡೂ ಕೈಯಲ್ಲಿ ರಿವಾಲ್ವರ್ ಹಿಡಿದು ಮುಂದೆ, ನಾನು ಲಾಠಿ ಹಿಡಿದು ಹಿಂದೆ. ಅವರ ಉಸಿರು ನಾಯಿಯ ಉಸಿರಿನಂತೆ ಕೇಳುತ್ತಿತ್ತು. ನನ್ನದು ಕೇಳುತ್ತಲೇ ಇರಲಿಲ್ಲ, ಹಿಡಿದಿಟ್ಟಿದ್ದೆ.

ನಡುಮನೆಯ ಬಾಗಿಲಿನಿಂದ ಕೋವಿಯ ನಳಿಗೆ ಹೊರಬಂತು. ನೇರ ನಮ್ಮ ಕಡೆಗೆ.

ಸಾಹೇಬರು ಟ್ರಿಗರ್ ಒತ್ತಿದರು. ನಾನು ಅವರ ಭುಜದ ಹಿಂದಿನಿಂದ ಕಣ್ಣಾರೆ ಕಂಡೆ. ಕುದುರೆ ಎದ್ದು ಬಿತ್ತು. ಟಪ್ ಎಂದು ಒದ್ದೆ ಬಟ್ಟೆ ಬಿದ್ದಂಥ ಸದ್ದು, ಅಷ್ಟೇ. ಮತ್ತೆ ಒತ್ತಿದರು. ಈ ಸಲ ಕುದುರೆ ಅರ್ಧಕ್ಕೆ ಎದ್ದು ಅಲ್ಲೇ ಕಚ್ಚಿಕೊಂಡಿತು, ಗಾಲಿ ತಿರುಗಲೇ ಇಲ್ಲ. ಅವರು ಹಲ್ಲು ಕಚ್ಚಿ ಒತ್ತುತ್ತಲೇ ಇದ್ದರು. ನಾನು, ಮುಗಿಯಿತು ನಮ್ಮ ಕತೆ, ಎಂದು ಕಣ್ಣು ಮುಚ್ಚಿದೆ.

ಏನೂ ಆಗಲಿಲ್ಲ. ಕಣ್ಣು ಬಿಟ್ಟರೆ ನಳಿಗೆಯ ಹಿಂದೆ ಹಬ್ಬದ ಹಳದಿ ಫ್ರಾಕು ಕಂಡಿತು. ಹುಡುಗಿ ಕೋವಿಯನ್ನು ಒನಕೆಯ ಹಾಗೆ ಎರಡೂ ತೋಳಲ್ಲಿ ಅವುಚಿಕೊಂಡು, ಭಾರಕ್ಕೆ ವಾಲುತ್ತ ಬರುತ್ತಿತ್ತು.

ಅಯ್ಯೋ ದೇವರೇ! ನಾನು ಹಾರಿ ಹೋಗಿ ಕೋವಿ ಕಸಿದುಕೊಂಡೆ.

ಸಾಹೇಬರು ಇನ್ನೂ ಗುರಿ ಹಿಡಿದೇ ನಿಂತಿದ್ದರು. "ಬಿಡ್ರಿ ಸಾಹೇಬ್ರೆ, ಬಿಡ್ರಿ," ಎಂದು ಅವರ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದೆ. ರಿವಾಲ್ವರಿನ ಕುದುರೆಯ ಸಂದಿಯಲ್ಲಿ ಬಾಳೆನಾರಿನ ಒಂದು ತುಂಡು ಸುತ್ತಿಕೊಂಡಿತ್ತು, ಅದರ ಮೇಲೆ ಗಂಧ ಗಾರೆಯಂತೆ ಗಟ್ಟಿಯಾಗಿತ್ತು.

ಸಿಂಚನಾ ಅವರನ್ನೇ ನೋಡುತ್ತಿತ್ತು. ಅದರ ಕಣ್ಣಲ್ಲಿ ಹೆದರಿಕೆಯೂ ಇರಲಿಲ್ಲ, ಅದನ್ನೇ ನನಗೆ ತಡೆಯಲಾಗಲಿಲ್ಲ.

"ನಿಮ್ದೂ ಹಾರೂದಿಲ್ವಾ?" ಎಂದು ಕೇಳಿತು. "ಅಪ್ಪಂದೂ ಹಾರ್ಲಿಲ್ಲ. ಎದೆಗೆ ಇಟ್ಕಂಡು ಒತ್ದ, ಟಪ್ ಅಂತು. ಆಮೇಲೆ ಅಳ್ತಾ ಬಿದ್ಕಂಡ. ನಾ ತಕಂಡು ಬಂದೆ."

ನಡುಮನೆಯಲ್ಲಿ ಶ್ರೀಕಾಂತ ಗೋಡೆಗೆ ಮುಖ ಮಾಡಿ, ಮೊಣಕಾಲು ಹೊಟ್ಟೆಗೆ ಸೇರಿಸಿಕೊಂಡು ಮಲಗಿದ್ದ. ಬೇಡಿ ಹಾಕುವಾಗ ಕೈಗಳನ್ನು ತಾನೇ ಮುಂದೆ ಚಾಚಿದ.

ನಾವು ಮುಂಬಾಗಿಲಿನಿಂದ ಹೊರಬಂದಾಗ ಜನ ಹೋ ಎಂದು ಕೂಗಿದರು. ಒಂದೂ ಗುಂಡು ಹಾರಿಸದೆ ಕೂಸನ್ನು ತಂದರು, ಇವರಪ್ಪಾ ಪೊಲೀಸರು ಅಂದರೆ, ಎಂದು ಯಾರೋ ಹೇಳಿದ್ದು ಕೇಳಿಸಿತು. ವೈಶಾಲಿ ಓಡಿ ಬಂದು ಮಗಳನ್ನು ತಬ್ಬಿ, ಹಾಗೆಯೇ ಬಗ್ಗಿ ಸಾಹೇಬರ ಬೂಟಿನ ಮೇಲೆ ಹಣೆ ಇಟ್ಟಳು.

ಸಾಹೇಬರು ಬೆಂಕಿ ತುಳಿದವರ ಹಾಗೆ ಕಾಲು ಹಿಂದಕ್ಕೆ ಎಳೆದುಕೊಂಡರು.

"ಬೇಡ ತಂಗಿ, ಏಳು."

"ನೀವು ನನ್ನ ಕೂಸನ್ನ ಉಳಿಸಿದ್ರಿ..."

ನಾನು ಅವರ ತೋಳು ಹಿಡಿದು ಜಗ್ಗಿದೆ. ಏನು ಹೇಳಹೊರಟಿದ್ದಾರೆಂದು ನನಗೆ ಗೊತ್ತಾಗಿತ್ತು. ಹೇಳಬಾರದಿತ್ತು. ಹೇಳದಿದ್ದರೆ ಯಾರಿಗೆ ಗೊತ್ತಾಗುತ್ತಿತ್ತು?

"ಉಳಿಸಿದ್ದು ನಾನಲ್ಲ," ಎಂದರು ಅವರು. "ನಾ ಒತ್ತಿದ್ದೆ, ತಂಗಿ. ಕತ್ತಲೇಲಿ ನಿನ್ನ ಗಂಡ ಹೇಳಿ ತಿಳ್ಕಂಡೆ. ಎರಡು ಸಲ ಒತ್ತಿದೆ. ಅದು ಹಾರ್ಲಿಲ್ಲ."

ವೈಶಾಲಿಗೆ ಮೊದಲು ಅರ್ಥವಾಗಲಿಲ್ಲ. ಅವರ ಮುಖ ನೋಡಿದಳು, ನನ್ನ ಕೈಯಲ್ಲಿದ್ದ ಕುಂಕುಮ ಮೆತ್ತಿದ ರಿವಾಲ್ವರ್ ನೋಡಿದಳು. ಆಮೇಲೆ ಮಗಳ ತಲೆಯನ್ನು ಹೊಟ್ಟೆಗೆ ಒತ್ತಿಕೊಂಡು, ಅವರಿಂದ ಕಣ್ಣು ಕೀಳದೆಯೇ ಹಿಂದೆ ಹಿಂದೆ ಸರಿದಳು. ಸಾಹೇಬರು ತಡೆಯಲಿಲ್ಲ. ಅದೇ ಸರಿ ಎನ್ನುವ ಹಾಗೆ ತಲೆಯಾಡಿಸಿದರು.