ಐದು ಪೆಟ್ಟಿಗೆ ಒಂದಾದ ಭಾನುವಾರ

ಷಡ್ಡಕ ಬಂದ ಸುದ್ದಿಯನ್ನು ಕರೆಗಂಟೆ ಹೇಳಲಿಲ್ಲ, ಅವನ ಬಾಯೇ ಹೇಳಿತು. ಕಾವಲುಗಾರನ ಕೆಮ್ಮು, ಕೆಳಮನೆಯ ನಾಯಿಯ ಬೊಗಳಿಕೆ ಎರಡನ್ನೂ ಅಣಕಿಸುತ್ತ ಮೂರು ಮಹಡಿ ಹತ್ತಿ ಬಂದ. ಕಂಕುಳಲ್ಲಿ ರಟ್ಟಿನ ಡಬ್ಬ.

"ಅಕ್ಕಾ, ನಿಮ್ಮ ಐದು ಸವತಿಯರನ್ನ ಓಡಿಸೋಕೆ ಒಬ್ಬಳನ್ನೇ ಕರ್ಕೊಂಡು ಬಂದಿದೀನಿ!"

ಕಿವಿಯಪ್ಪ ಕುರ್ಚಿಯಿಂದ ಏಳಲಿಲ್ಲ. ಅಕ್ಕತಂಗಿಯರನ್ನು ಮದುವೆಯಾದದ್ದು ಬಿಟ್ಟರೆ ಈ ಇಬ್ಬರು ಗಂಡಸರ ನಡುವೆ ಬೇರೆ ಯಾವ ತಂತಿಯೂ ಇರಲಿಲ್ಲ. ಇದ್ದ ಒಂದರಲ್ಲೂ ಸದಾ ಕಿಡಿ ಹಾರುತ್ತಿತ್ತು. ಷಡ್ಡಕನದು ಆಡಿಯೋ ಅಂಗಡಿ. ಸ್ಪೀಕರ್ ಮಾರುವುದಕ್ಕಿಂತ ಸುದ್ದಿ ಹರಡುವುದರಲ್ಲಿ ಅವನಿಗೆ ಹೆಚ್ಚು ವ್ಯಾಪಾರ.

"ಇವರ ಕೈಲಿ ಆಗೋ ಕೆಲಸ ಅಲ್ಲ ಅಂತಾನೇ ನಾನು ನಿಮಗೆ ಹೇಳಿದ್ದು," ಎಂದಳು ಕಿವಿಯಪ್ಪನ ಹೆಂಡತಿ. "ಒಂದು ಹಾಡು ಕೇಳೋಕೆ ಐದು ಪೆಟ್ಟಿಗೆ. ಟ್ಯೂನರ್ರಂತೆ, ಪ್ಲೇಯರ್ರಂತೆ, ಪ್ರೀ-ಆಂಪಂತೆ, ಪವರ್ ಆಂಪಂತೆ, ಇನ್ನೊಂದು ಎಂಥದ್ದೋ. ಅದರ ಹಿಂದಕ್ಕೆ ಪೊರಕೆ ಹೋದ್ರೆ ವಾಪಸ್ ಬರಲ್ಲ. ಮಗಳು ಎರಡು ಸಲ ಎಡವಿ ಬಿದ್ಲು."

"ಬಿದ್ದದ್ದು ಮೊಬೈಲ್ ನೋಡ್ಕೊಂಡು ನಡೆದದ್ದಕ್ಕೆ," ಎಂದ ಕಿವಿಯಪ್ಪ.

"ಕೇಳಿಸ್ತಾ ನಿಮ್ಗೆ? ತಂತಿ ಮೇಲೆ ಇರೋ ಕನಿಕರ ಮಗಳ ಮೇಲಿಲ್ಲ."

'ಕೇಳಿಸ್ತಾ' ಎಂಬ ಮಾತೇ ಕಿವಿಯಪ್ಪನಿಗೆ ಚುಚ್ಚಿತು. ಸ್ಟುಡಿಯೋದಲ್ಲಿ ಧಾರಾವಾಹಿಗಳ ಮಾತು, ಸಂಗೀತ, ಸದ್ದುಗಳನ್ನು ಹದವಾಗಿ ಬೆರೆಸುವುದು ಅವನ ಉದ್ಯೋಗ. ಎರಡು ಕೋಣೆ ಆಚೆ ಫ್ಯಾನು ಕಿರುಗುಟ್ಟಿದರೂ ರೆಕಾರ್ಡಿಂಗ್ ನಿಲ್ಲಿಸುತ್ತಿದ್ದವನಾದ್ದರಿಂದ ಕಿವಿಯಪ್ಪ ಎಂಬ ಹೆಸರು ಅಂಟಿತ್ತು. ಆದರೆ ಒಂದು ವರ್ಷದಿಂದ ಸಣ್ಣ, ಚೂಪು ಸದ್ದುಗಳೆಲ್ಲ ಹೇಳದೆ ಕೇಳದೆ ಅವನ ಕಿವಿಯಿಂದ ಮನೆ ಖಾಲಿ ಮಾಡಿದ್ದವು. ಅದನ್ನು ಯಾರಿಗೂ ಬಾಯಿಬಿಟ್ಟಿರಲಿಲ್ಲ. ತನಗೆ ಕೇಳುವಷ್ಟು ಚೂಪು ಮಾಡಿ ಕೊಟ್ಟ ಮೂರು ಕೆಲಸಗಳು "ಕಿವಿ ಕೊರೆಯುತ್ತೆ" ಎಂದು ವಾಪಸ್ ಬಂದಿದ್ದವು. ಇನ್ನೊಂದು ಬಂದರೆ ಕುರ್ಚಿ ಬೇರೆಯವರಿಗೆ ಎಂದಿದ್ದ ಮಾಲೀಕ. ನಾಳೆಯಿಂದ ಹೊಸ ಧಾರಾವಾಹಿ.

ಷಡ್ಡಕ ಹಳೆಯ ಪೆಟ್ಟಿಗೆಗಳ ಮುಂದೆ ಮಂಡಿಯೂರಿದ. ತಂತಿ ಕಳಚುತ್ತಿದ್ದ ಕೈ ನಡುವೆಯೇ ನಿಂತಿತು.

"ಇದೇನ್ರೀ ಷಡ್ಡಕರೇ, ಚೂಪು ಸದ್ದಿನ ಟ್ರೆಬಲ್ ಗುಂಡಿ ಬಲಕ್ಕೆ ಕೊನೇತನಕ ತಿರುಗಿದೆ? ಇಷ್ಟು ಚೂಪಿಗೆ ಗಡ್ಡ ಬೋಳಿಸ್ಕೋಬಹುದು!"

"ಒರೆಸುವಾಗ ತಿರುಗಿರ್ಬೇಕು."

"ನಾನು ಅದನ್ನ ಮುಟ್ಟಲ್ಲಪ್ಪ," ಎಂದಳು ಹೆಂಡತಿ. "ಮುಟ್ಟಿದ್ರೆ ಮನೇಲಿ ಇರೋಕೆ ಬಿಡ್ತೀರಾ?"

ಡಬ್ಬದಿಂದ ಬಂದ, ಐದರ ಕೆಲಸವನ್ನೂ ಮಾಡುವ ಹೊಸ ಪೆಟ್ಟಿಗೆ ಇಟ್ಟಿಗೆಗಿಂತ ತುಸು ದೊಡ್ಡದು. ಎರಡು ಸ್ಪೀಕರ್ ತಂತಿ, ಒಂದು ಕರೆಂಟಿನ ತಂತಿ, ಕೆಲಸ ಮುಗಿಯಿತು. ಪುಟ್ಟ ಮೈಕು ನಿಲ್ಲಿಸಿದ ಮೇಲೆ ಅದು ತಾನೇ ಕೂಗಿ, ತಾನೇ ಕೇಳಿ, ಕೋಣೆಯ ಅಳತೆ ತೆಗೆದು ಅದಕ್ಕೆ ತಕ್ಕಂತೆ ಸದ್ದು ಹೊಂದಿಸಿಕೊಂಡಿತು. ಆಮೇಲೆ ಹಾಡು.

"ಅಬ್ಬಾ, ಚೆನ್ನಾಗಿದೆ!" ಎಂದಳು ಮಗಳು. "ಹಳೇದು ಹಾಕಿದ್ರೆ ನಾನು ಬಾಗಿಲು ಹಾಕ್ಕೊಂಡು ಕೂರ್ತಿದ್ದೆ, ಚಿಕ್ಕಪ್ಪಾ."

"ಸಪ್ಪೆ," ಎಂದ ಕಿವಿಯಪ್ಪ. "ಕಂಬಳಿ ಹೊದಿಸಿದ ಹಾಗಿದೆ."

ಷಡ್ಡಕ ಅವನನ್ನೇ ದಿಟ್ಟಿಸಿದ. ಅವನ ಮುಖದಲ್ಲಿ ಬೆಕ್ಕಿನ ನಗು ಇಣುಕಿತು. "ಕಂಬಳಿ ಪೆಟ್ಟಿಗೆ ಮೇಲಿದೆಯೋ ಕಿವಿ ಮೇಲಿದೆಯೋ, ನೋಡೇಬಿಡೋಣ. ನಾನು ಫೋನಿಂದ ಸಣ್ಣ ಸೀಟಿ ಬಿಡ್ತೀನಿ, ಒಂದಕ್ಕಿಂತ ಒಂದು ಚೂಪು. ಕೇಳಿಸಿದ ಕೂಡ್ಲೇ ಬೆರಳೆತ್ತಿ. ಸ್ಟುಡಿಯೋದವರಿಗೆ ಇದೇನು ಮಹಾ?"

ಬೇಡ ಎಂದರೆ ಬೇಡ ಎಂದದ್ದೇ ಸುದ್ದಿಯಾಗುತ್ತದೆ. ಕಿವಿಯಪ್ಪ ಒಪ್ಪಿದ.

ಮೊದಲನೆಯದು ನಿಜಕ್ಕೂ ಕೇಳಿಸಿತು. ಎರಡನೆಯದರ ಹೊತ್ತಿಗೆ ಅವನ ಪಾಲಿಗೆ ಕೋಣೆ ನಿಶ್ಶಬ್ದ. ಆದರೆ ಕಿಟಕಿ ಹತ್ತಿರ ಮಗಳು ಮುಖ ಕಿವುಚಿದಳು. ಅವನು ಬೆರಳೆತ್ತಿದ. ಮೂರನೆಯದಕ್ಕೆ ಹೆಂಡತಿಯ ಹುಬ್ಬು ಗಂಟಿಕ್ಕಿತು, ಬೆರಳು ಮೇಲೆದ್ದಿತು. ಗೆದ್ದೆ ಎಂದುಕೊಂಡ.

ಷಡ್ಡಕ ಮಾತ್ರ ಅವನ ಬೆರಳನ್ನಲ್ಲ, ಕಣ್ಣನ್ನು ನೋಡುತ್ತಿದ್ದ.

"ಅಕ್ಕಾ, ಪುಟ್ಟೀ, ಇಬ್ಬರೂ ಆ ಕಡೆ ತಿರುಗಿ ನೋಡೋಣ."

ತಿರುಗಿದರು. ಇನ್ನು ಕೋಣೆಯಲ್ಲಿ ಉಳಿದದ್ದು ಷಡ್ಡಕನ ಮುಖವೊಂದೇ. ಕಿವಿಯಪ್ಪ ಬೇರೆ ದಾರಿಯಿಲ್ಲದೆ ಅದಕ್ಕೇ ಕಣ್ಣು ನೆಟ್ಟ. ಸ್ವಲ್ಪ ಹೊತ್ತಿಗೆ ಆ ಮುಖ ಕಿವುಚಿಕೊಂಡಿತು, ಹಲ್ಲು ಕಚ್ಚಿತು, ಭುಜ ಕಿವಿಯವರೆಗೆ ಏರಿತು.

ಬೆರಳು ಎದ್ದಿತು.

"ಕೇಳಿಸ್ತಾ?"

"ಕೇಳ್ಸದೆ ಏನು? ಕಿವಿ ಹರಿದು ಹೋಗೋ ಹಾಗೆ."

ಮಗಳು ತಿರುಗಿದಳು. "ಅಪ್ಪಾ, ಏನೂ ಬರ್ಲೇ ಇಲ್ವಲ್ಲ?"

ಷಡ್ಡಕ ಫೋನನ್ನು ಎತ್ತಿ ತೋರಿಸಿದ. ಒತ್ತಿಯೇ ಇರಲಿಲ್ಲ. ಬರೀ ಮುಖ ಮಾಡಿದ್ದ. ತೊಡೆ ತಟ್ಟಿ ನಕ್ಕು, ಗಂಟಲು ಉಬ್ಬಿಸಿ, ಸ್ಟುಡಿಯೋ ಮಾಲೀಕನ ದನಿ ತೆಗೆದ: "ಏನಯ್ಯಾ ಕಿವಿಯಪ್ಪಾ! ಇಷ್ಟು ದಿನ ಕಣ್ಣಲ್ಲಿ ಮಿಕ್ಸ್ ಮಾಡ್ತಿದ್ಯೇನಯ್ಯಾ?" ಆಮೇಲೆ ತನ್ನ ದನಿಯಲ್ಲಿ, "ನಾಳೆ ಹೆಂಗೂ ಅಲ್ಲಿಗೆ ಸ್ಪೀಕರ್ ಕೊಡೋಕೆ ಹೋಗ್ತಿದೀನಿ. ಒಂದು ಮಾತು ಹಾಕ್ತೀನಿ ಬಿಡಿ."

"ಎಷ್ಟು ದಿನದಿಂದ ರೀ?" ಹೆಂಡತಿಯ ಪ್ರಶ್ನೆಯಲ್ಲಿ ಮರುಕವಿರಲಿಲ್ಲ. "ನಾನು ಕೂಗಿದ್ರೆ ತಿರುಗಿ ನೋಡಲ್ಲ ಅಂತ ವರ್ಷವಿಡೀ ಜಗಳ ಆಡಿದೀನಿ. ಆಗಾದ್ರೂ ಬಾಯಿ ಬಿಡಬಾರದಿತ್ತಾ?"

ಕಿವಿಯಪ್ಪನಿಗೆ ನಾಚಿಕೆಗಿಂತ ಸಿಟ್ಟೇ ಹೆಚ್ಚು. ಈ ಬಾಯಿಬಡುಕನ ನಾಲಿಗೆಗೆ ತನ್ನ ಅನ್ನ ಸಿಕ್ಕಿಬಿಡುತ್ತದಲ್ಲ! ಫೋನು ತೆಗೆದು ಮಾಲೀಕನಿಗೆ ಹಚ್ಚಿದ, ಎಲ್ಲರಿಗೂ ಕೇಳುವಂತೆ ಸ್ಪೀಕರ್ ಮೇಲೆ.

"ಸರ್, ಹೊಸ ಧಾರಾವಾಹಿ ನನಗೆ ಕೊಡಬೇಡಿ. ಸಣ್ಣ ಸದ್ದು ಕೇಳಿಸ್ತಿಲ್ಲ. ವರ್ಷ ಆಯ್ತು. ವಾಪಸ್ ಬಂದ ಮೂರೂ ನನ್ನ ತಪ್ಪು. ನಾಳೆ ಡಾಕ್ಟರ ಹತ್ರ ಹೋಗ್ತೀನಿ."

ಆ ಕಡೆಯ ದನಿ ಷಡ್ಡಕನ ಅಣಕಕ್ಕಿಂತ ಎಷ್ಟೋ ಮೆತ್ತಗಿತ್ತು. ಅದಕ್ಕೇ ಹೆಚ್ಚು ಇರಿಯಿತು. "ತೋರಿಸ್ಕೊಂಡು ಬನ್ನಿ. ಆ ಕುರ್ಚಿ ಮಾತ್ರ ಇನ್ನು ಆಗಲ್ಲ. ಬೇರೆ ಏನಾದ್ರೂ ನೋಡೋಣ."

ಕಿವಿಯಪ್ಪ ಫೋನು ಕೆಳಗಿಟ್ಟ. ಷಡ್ಡಕನ ಬಾಯಿ ತೆರೆದೇ ಇತ್ತು. ಅದರೊಳಗೆ ಯಾರ ದನಿಯೂ ಇರಲಿಲ್ಲ.

"ಹೋಗು, ಊರೆಲ್ಲ ಸಾರಿಕೊಂಡು ಬಾ. ಸುದ್ದಿ ಹಳಸಿಹೋಯ್ತು."

"ಅಯ್ಯೋ, ತಮಾಷೆಗೆ... ಪೆಟ್ಟಿಗೆ ವಾಪಸ್ ತಗೊಂಡ್ ಹೋಗ್ಲಾ?"

ಹೆಂಡತಿ ಆಗಲೇ ಬಾಗಿಲು ತೆರೆದು ಹಿಡಿದಿದ್ದಳು.

"ಪೆಟ್ಟಿಗೆ ಇರಲಿ," ಎಂದ ಕಿವಿಯಪ್ಪ. "ನೀನು ಹೊರಡು."