ಲೋಬಾನದ ಹೊಗೆ

ಸಿಂಧನೂರಿನ ಆ ಹೆರಿಗೆ ಆಸ್ಪತ್ರೆಯ ಮೇಲ್ಮಹಡಿಯಲ್ಲಿ ಬೆಂಕಿ ಗಂಟೆ ರಿಪೇರಿಗೆ ಬಂದ ಮುಕ್ತಿಯಾರ್ ಏಣಿ ಹತ್ತಿ ನೋಡಿದರೆ, ಹೊಗೆ ಹಿಡಿಯಬೇಕಾದ ಸೆನ್ಸರಿನ ಬಾಯಿಗೆ ಯಾರೋ ರಬ್ಬರಿನ ಕೈಗವಸು ಬಿಗಿದಿದ್ದರು. ಒಂದಕ್ಕಲ್ಲ, ಸಾಲಿನಲ್ಲಿದ್ದ ಅಷ್ಟಕ್ಕೂ! ಹೊಗೆಯೇ ಒಳಗೆ ಹೋಗದಿದ್ದರೆ ಗಂಟೆ ಹೊಡೆದುಕೊಳ್ಳುವುದಾದರೂ ಹೇಗೆ? ಅದೇ ಸಾಲಿನ ಕೊನೆಯ ಕೋಣೆಯಲ್ಲಿ ಅವನ ಹೆಂಡತಿ ವಸೀಮಾ ಹಸಿಗೂಸಿನೊಂದಿಗೆ ಮಲಗಿದ್ದಳು.

"ಯಾರ್ ಕಟ್ಯಾರವ್ವಾ ಇವನ್ನ?"

"ನಾನ ಕಟ್ಟೀನಿ," ಎಂದಳು ಆಯಾ ಮುದುಕಮ್ಮ, ನೆಲ ಒರೆಸುವುದನ್ನು ನಿಲ್ಲಿಸದೆ. "ಬಾಣಂತಿಗೆ ಚೂರು ಲೋಬಾನ ಹಾಕಿದ್ರ ಸಾಕು, ಲಬೋ ಲಬೋ ಹೊಯ್ಕೊಂತಾವ ನಿನ್ನ ಡಬ್ಬಿ. ಕೂಸಿಗೆ ಥಂಡಿ ಹತ್ತಿದ್ರ ನೀ ಬರ್ತೀಯೇನು?"

"ಇಲಿ ಬಂತಂತ ಮನಿಗೆ ಬೆಂಕಿ ಹಚ್ಚಿದಂಗಾತು ನಿನ್ನ ಕತಿ!"

ಬೈಯುವುದೇನೋ ಬೈದ. ಆದರೆ ಬಾಣಂತಿಯ ತಲೆ ಒಣಗಿಸಲು ಕೆಂಡದ ಮೇಲೆ ಲೋಬಾನ ಉದುರಿಸದ ಮನೆ ಈ ಸೀಮೆಯಲ್ಲಿ ಯಾವುದಿದೆ? ಅವನ ತಾಯಿ ಖಾಸಿಂಬೀಯೇ ಮಸ್ಕಿಯಿಂದ ಲೋಬಾನ ಗಂಟು ಕಟ್ಟಿಕೊಂಡು ಬಂದಿದ್ದಳು. ಬೇಡವೆಂದರೆ ಕೇಳುವ ಹೆಂಗಸೇ ಅಲ್ಲ.

ಮುಕ್ತಿಯಾರ್ ಕೈಗವಸುಗಳನ್ನೆಲ್ಲ ಕಿತ್ತ, ಧೂಳು ಒರೆಸಿದ, ಒಂದೊಂದಕ್ಕೂ ತಾನು ತಂದ ಸ್ಪ್ರೇ ಡಬ್ಬಿಯಿಂದ ಹೊಗೆ ಊದಿ ಪರೀಕ್ಷಿಸಿದ. ಗಂಟೆ ಕಿವಿ ಹರಿಯುವಂತೆ ಹೊಡೆದುಕೊಂಡಿತು. ಸದ್ಯ, ಬದುಕಿದೆ ಎಂದುಕೊಂಡು ಕೆಳಗಿಳಿದು ಬಾಗಿಲ ಬಳಿ ಚಹಾ ಹಿಡಿದು ಕೂತ.

ಅರ್ಧ ಚಹಾ ಕುಡಿದಿರಲಿಲ್ಲ, ಗಂಟೆ ಮತ್ತೆ ಕೂಗಿತು. ಗೋಡೆಯ ಫಲಕದಲ್ಲಿ ಕೊನೆಯ ಕೋಣೆಯ ಕೆಂಪು ದೀಪ ಹೊತ್ತಿತ್ತು.

"ನೋಡು, ನಿಮ್ಮವ್ವ ಶುರು ಹಚ್ಯಾಳ!" ಬಕೆಟ್ ಹಿಡಿದು ಕೆಳಗಿಳಿದಿದ್ದ ಮುದುಕಮ್ಮ ನಕ್ಕು, ಎಂದಿನಂತೆ ಗುಂಡಿ ಒತ್ತಿ ಗಂಟೆಯ ಬಾಯಿ ಮುಚ್ಚಿಸಿದಳು. ಒಬ್ಬರೂ ಕೂತಲ್ಲಿಂದ ಏಳಲಿಲ್ಲ. ಎದ್ದು ನೋಡಬೇಕೆಂದು ಮುಕ್ತಿಯಾರನಿಗೆ ಒಂದು ಗಳಿಗೆ ಅನ್ನಿಸಿತು. ಹೋದರೆ ಅಮ್ಮನಿಂದ ಬೈಸಿಕೊಳ್ಳಬೇಕು. ಅವನೂ ನಕ್ಕು ಉಳಿದ ಚಹಾ ಮುಗಿಸಿದ.

ಆಗ ಖಾಸಿಂಬೀ ಗೇಟು ದಾಟಿ ಬೀದಿಯಿಂದ ಒಳಗೆ ಬಂದಳು. ಕೈಯಲ್ಲಿ ಖಾಲಿ ಧೂಪದ ಬಟ್ಟಲು.

"ಇಡೀ ಬಜಾರ ತಿರುಗಿದ್ನೋ ಬೇಟಾ, ಒಂದು ಚೂರು ಕೆಂಡ ಸಿಗಲಿಲ್ಲ. ಚಾದಂಗಡ್ಯಾಗೂ ಗ್ಯಾಸ್ ಇಟ್ಟಾರ," ಎಂದಳು ಬೇಸರದಿಂದ. "ನಾ ಹೊಂಟಾಗ ವಸೀಮಾಗ ನಿದ್ದಿ ಹತ್ತಿತ್ತು. ಯಾರೂ ಎಬ್ಬಿಸಬಾರ್ದಂತ ಹೊರಗಿಂದ ಚಿಲಕ ಹಾಕಿ ಬಂದೀನಿ."

"ಯಾ ಅಲ್ಲಾ!" ಮುಕ್ತಿಯಾರ್ ಮೆಟ್ಟಿಲಿನತ್ತ ಓಡಿದ. ಮೇಲಿನಿಂದ ವೈರು ಸುಟ್ಟ ನಾತ ಇಳಿದು ಬರುತ್ತಿತ್ತು.