ತಲೆಕೆಳಗು ಹಿಡಿದ ಯಾದಿ

ಹಮಾಲರ ಮೇಲಿನ ಮುಕಾದಮ ಶಿದ್ದಪ್ಪ ತೀರಿಕೊಂಡ ಸುದ್ದಿ ಹುಬ್ಬಳ್ಳಿಯ ಪಾರ್ಸೆಲ್ ಆಫೀಸಿಗೆ ಮುಟ್ಟಿದಾಗ, ಹೆಡ್ ಕ್ಲಾರ್ಕ್ ಬಾಳಕೃಷ್ಣರಾಯರು ಅವನ ಹುದ್ದೆಯನ್ನು ತೆಗೆದುಹಾಕುವ ವರದಿಗೆ ಸಹಿ ಹಾಕುತ್ತಿದ್ದರು. ‘ಲಾರಿ ತುಂಬಿಸುವ ಕೆಲಸಕ್ಕೆ ಈಗ ಕಂಪ್ಯೂಟರ್ ಸಾಕು, ವರ್ಷದಿಂದ ಒಂದೂ ತಪ್ಪಾಗಿಲ್ಲ. ಐದೂ ಶಾಖೆಗಳಲ್ಲಿ ಮುಕಾದಮರು ಬೇಕಾಗಿಲ್ಲ’ ಎಂದು ಅದರಲ್ಲಿತ್ತು. ಮಾಲಕರಿಗಿಂತ ಮೊದಲು ದೇವರೇ ಮಂಜೂರು ಮಾಡಿಬಿಟ್ಟನಲ್ಲ ಎಂದು ರಾಯರು ಪೆನ್ನು ಕೆಳಗಿಟ್ಟು ವರದಿಯನ್ನು ಜೇಬಿಗಿಳಿಸಿದರು. ಮೂವತ್ತು ವರ್ಷ ಜೊತೆಗೆ ಚಹಾ ಕುಡಿದವನು.

ಕಂಪ್ಯೂಟರ್ ಬಂದದ್ದು ಹಿಂದಿನ ವರ್ಷ, ಎರಡು ಸಾವಿರದ ಇಸವಿಯಲ್ಲಿ. ಅದನ್ನು ತಂದ ತರುಣ ಅತುಲ ಆಫೀಸಿನ ಪದ್ಧತಿಯನ್ನೆಲ್ಲ ಬದಲಿಸಿದ್ದ. ಅದರ ಕೋಣೆಗೆ ಚಪ್ಪಲಿ ಬಿಟ್ಟು ಹೋಗಬೇಕು. ಗುಡಿಗಿಂತ ಮಡಿ ಹೆಚ್ಚು. ಅದಕ್ಕೆ ಏಸಿ ಬೇರೆ. ರಾಯರಿಗೆ ಒಂದು ಫ್ಯಾನು ಸಿಗಲು ಆರು ಅರ್ಜಿ ಹಿಡಿದಿದ್ದವು.

ದಿನಾ ಮುಂಜಾನೆ ಅದು ಲಾರಿಯ ಮಾಲಿನ ಯಾದಿ ಅಚ್ಚು ಹಾಕುತ್ತಿತ್ತು, ದಾರಿಯಲ್ಲಿ ಊರು ಬರುವ ಸಾಲಿನಂತೆ. ಶಿದ್ದಪ್ಪ ಅದನ್ನು ತಲೆಕೆಳಗು ಹಿಡಿದು ಊರಿನ ಹೆಸರು ಕೂಗುತ್ತಿದ್ದ. ಹಮಾಲರು ಮಾಲು ಏರಿಸುತ್ತಿದ್ದರು.

“ಸೀದಾ ಹಿಡಿಯೋ ಶಿದ್ದಪ್ಪಾ! ಅಕ್ಷರಕ್ಕ ಚಕ್ಕರ ಬಂದೀತು,” ಎಂದು ರಾಯರು ನಗುವರು.

“ಬರ್ಲಿ ಬಿಡ್ರಿ ರಾಯರ. ಕುಂತು ಎದ್ದಾವು,” ಎಂದು ಅವನೂ ನಗುವನು.

ಓದು ಬಾರದೆ ಅಂದಾಜಿನ ಮೇಲೆ ಕೂಗುತ್ತಾನೆಂದೇ ರಾಯರು ತಿಳಿದಿದ್ದರು.

ಮಣ್ಣು ಮಾಡುವುದು ಅವನ ಊರು ಗರಗದಲ್ಲಿ. ಲಾರಿಯೂ ಅದೇ ದಾರಿಯಲ್ಲಿ ಹೊರಟಿತ್ತು, ರಾಯರೂ ಅದರಲ್ಲೇ ಹೋಗುವವರಿದ್ದರು. ಹೆಣಕ್ಕೆ ಉಡಿಸಲು ಆಫೀಸಿನಿಂದ ಹೊಸ ಧೋತರದ ಗಂಟು ಕಟ್ಟಿಸಿ, ರಾಯರು ಅದಕ್ಕೂ ಕಂಪ್ಯೂಟರಿನ ನಂಬರು ಹಚ್ಚಿಸಿದರು.

“ಅದನ್ನ ತೊಡಿಮ್ಯಾಲ ಇಟಗೋರಿ,” ಎಂದ ಹಮಾಲ ಗೌಸಸಾಬ.

“ನಂಬರ ಹಚ್ಚೇದ. ಸಾಲಿನ್ಯಾಗ ಹೋಗಬೇಕು.”

ಮುಕಾದಮನಿಲ್ಲದ್ದರಿಂದ ರಾಯರೇ ಯಾದಿ ಹಿಡಿದು, ನಾಮಾವಳಿ ಹೇಳುವ ಧಾಟಿಯಲ್ಲಿ ಮೇಲಿನಿಂದ ಕೂಗಿದರು: “ಗರಗ, ತೇಗೂರು, ಕಿತ್ತೂರು, ಬೈಲಹೊಂಗಲ.”

“ಶಿದ್ದಪ್ಪ ಕಾಕಾ ಬೈಲಹೊಂಗಲದಿಂದ ಸುರು ಮಾಡತಿದ್ರರಿ.”

“ಅವಗ ಓದಲಿಕ್ಕೆ ಎಲ್ಲಿ ಬರತಿತ್ತೋ! ನೀ ಎತ್ತು.”

ಗೌಸಸಾಬ ಎತ್ತಿದ.

ಗರಗದಲ್ಲಿ ಲಾರಿಯ ಹಿಂಬಾಗಿಲು ತೆರೆದಾಗ ಎದುರಿಗೆ ಬೈಲಹೊಂಗಲದ ಹೊಲಿಗೆ ಯಂತ್ರಗಳು. ಅವುಗಳ ಹಿಂದೆ ಕಿತ್ತೂರಿನ ಬಕೀಟುಗಳು. ಮೊದಲು ಏರಿಸಿದ ಗರಗದ ಮಾಲು ಎಲ್ಲಕ್ಕಿಂತ ಒಳಗೆ, ಅದರಲ್ಲಿ ಧೋತರದ ಗಂಟು. ಹೆಣ ಹೊರಲು ಬಂದವರು ಹೊಲಿಗೆ ಯಂತ್ರ ಹೊತ್ತರು. ಹಾಡಿ ಅಳುತ್ತಿದ್ದ ಹೆಂಗಸರು ಅಳು ನಿಲ್ಲಿಸಿ ಬಕೀಟಿನ ಬಣ್ಣ ನೋಡಿದರು. ಪದ್ಧತಿಯಂತೆ ಕಟ್ಟೆಯ ಮೇಲೆ ಕೂಡಿಸಿದ್ದ ಶಿದ್ದಪ್ಪ ಒಂದೂವರೆ ತಾಸು ಹಳೆಯ ಧೋತರದಲ್ಲೇ ಕಾಯುತ್ತ ಕುಳಿತಿದ್ದ.

“ಮುಕಾದಮ ಹೋದಾ ಅನ್ನೂದು ಈಗ ಲಾರಿಗೂ ತಿಳೀತು ನೋಡ್ರಿ,” ಎಂದ ಗೌಸಸಾಬ ಬೆವರು ಒರೆಸಿಕೊಳ್ಳುತ್ತ.

ರಾಯರು ಶಿದ್ದಪ್ಪನ ಹೆಂಡತಿ ಫಕೀರವ್ವನ ಮುಂದೆ ಹೋಗಿ ನಿಂತರು. “ತಂಗೀ, ಅವಗ ಓದು ಬರತಿತ್ತೇನು?”

“ಬರತಿತ್ರಿ. ಸಾಲ್ಯಾಗ ನಾಕ ಮಂದಿಗೆ ಒಂದ ಪುಸ್ತಕ. ಇವರು ಎದುರಿಗೆ ಕುಂದರತಿದ್ರಂತ. ತಲಿಕೆಳಗ ಓದೂದ ರೂಢಿ ಆತ್ರಿ.”

“ಹಂಗಿದ್ರ ನನಗ್ಯಾಕ ಹೇಳಲಿಲ್ಲ?”

“ರಾಯರು ನಗೂದ ಕಡಿಮಿ, ಇದರ ನೆವಕ್ಕರ ನಗಲಿ ಅಂತಿದ್ರು.”

ತಲೆಕೆಳಗು ಹಿಡಿದರೆ ಕೊನೆಯ ಊರು ಮೇಲೆ ಬರುತ್ತದೆ, ದೂರದ ಮಾಲು ಮೊದಲು ಏರುತ್ತದೆ ಎಂದು ರಾಯರಿಗೆ ಈಗ ಹೊಳೆಯಿತು. ವರದಿ ಇನ್ನೂ ಜೇಬಿನಲ್ಲಿತ್ತು. ಯಾದಿಯನ್ನು ತಿರುಗಿಸಿ ಅಚ್ಚು ಹಾಕುವುದು ಅತುಲನಿಗೆ ಅರ್ಧ ತಾಸಿನ ಕೆಲಸ. ಆದರೆ ಶಿದ್ದಪ್ಪ ಸದ್ದಿಲ್ಲದೆ ಇನ್ನೇನೇನು ತಿದ್ದುತ್ತಿದ್ದನೋ? ಉಳಿದ ಶಾಖೆಗಳ ನಾಲ್ವರು ಏನೇನು ತಿದ್ದುತ್ತಿದ್ದಾರೋ? ಯಾರೂ ಅವರನ್ನು ಕೇಳಿರಲಿಲ್ಲ, ರಾಯರೂ ಕೇಳಿರಲಿಲ್ಲ. ವರದಿಯನ್ನು ಹರಿದು ಚೂರು ಮಾಡಿದರು. ವರ್ಷವಿಡೀ ಕಂಪ್ಯೂಟರಿನದೆಂದು ತಾವು ಹೊಗಳಿದ್ದು ಶಿದ್ದಪ್ಪನ ಕೆಲಸವೆಂದು ನಾಳೆ ಮಾಲಕರ ಮುಂದೆ ಒಪ್ಪಿಕೊಳ್ಳಬೇಕು. ಬೈದರೆ ಬೈಸಿಕೊಳ್ಳಬೇಕು.

ಹೊಸ ಧೋತರ ಉಟ್ಟ ಗೆಳೆಯನಿಗೆ ಒಂದು ಹಿಡಿ ಮಣ್ಣು ಹಾಕಿ ರಾಯರು ಕೈಮುಗಿದರು.

“ಕೃಷ್ಣಾ, ಇವನ್ನ ನಾ ಭಾಳ ಕಾಯಿಸೀನಿ. ನೀ ಬಾಗಲದಾಗ ಕಾಯಿಸಬ್ಯಾಡ. ಲಗೂ ಒಳಗ ಕರಕೊಂಡು, ಇವನ ಜೀವಕ್ಕ ಶಾಂತಿ ಕೊಡಪಾ.”